ಮೂಕಪ್ರಾಣಿಯ ಶಸ್ತ್ರಚಿಕಿತ್ಸೆಯೂ ಶ್ರಾವಕನ ಅಹಿಂಸಾಣುವ್ರತವೂ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಆಚಾರ್ಯರು ಹೇಳಿದ್ದಾರೆ. ಪ್ರಾಣಿಯನ್ನು ಕಟ್ಟಿಹಾಕುವುದು ಬಂಧ, ಹೊಡೆಯುವುದು ವಧ, ಅಂಗವನ್ನು ಕತ್ತರಿಸುವುದು ಛೇದ, ಮಿತಿಮೀರಿದ ಹೊರೆ ಹೊರಿಸುವುದು ಅತಿಭಾರಾರೋಪಣ, ಅನ್ನನೀರು ತಡೆಯುವುದು ಅನ್ನಪಾನನಿರೋಧ. ಪಾಠಶಾಲೆಯ ಮಕ್ಕಳೂ ಇವನ್ನು ತಡವರಿಸದೆ ಒಪ್ಪಿಸುತ್ತಾರೆ. ಆದರೆ ಸಾಕಿದ ನಾಯಿಯನ್ನು ಸಂತಾನಹರಣ ಶಸ್ತ್ರಚಿಕಿತ್ಸೆಗೆಂದು ಪಶು ಆಸ್ಪತ್ರೆಗೆ ಕರೆದೊಯ್ಯುವ ಶ್ರಾವಕನು ಈ ಪಟ್ಟಿಯನ್ನು ಮತ್ತೊಮ್ಮೆ ನೆನೆದರೆ ಅವನ ಮನಸ್ಸು ಅಳುಕದೆ ಇರದು. ಹಿಂದಿನ ರಾತ್ರಿಯಿಂದಲೇ ಆಹಾರವನ್ನು ತಡೆಯಬೇಕು. ಮೇಜಿನ ಮೇಲೆ ಕಾಲು ಕಟ್ಟಿ ಮಲಗಿಸಬೇಕು. ಅಂಗವನ್ನು ಕತ್ತರಿಸಿ ತೆಗೆಯಬೇಕು. ಐದರಲ್ಲಿ ಮೂರು ಒಂದೇ ದಿನದಲ್ಲಿ ನಡೆದುಹೋಗುತ್ತವೆ. ಹಾಗಾದರೆ ವ್ರತಕ್ಕೆ ಲೋಪ ಬಂದಿತೇ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟದ ಮನೆಗಳಿಗೆ ಇದು ಕೇವಲ ಗ್ರಂಥದ ಪ್ರಶ್ನೆಯಲ್ಲ. ಮನೆಗೂ ಮನೆಗೂ ನಡುವೆ ಗುಡ್ಡವೋ ಹಳ್ಳವೋ ಇರುವ ಈ ಸೀಮೆಯಲ್ಲಿ ಮಂಗಗಳನ್ನು ಓಡಿಸಲು, ರಾತ್ರಿ ಹಂದಿಯ ಸುಳಿವು ತಿಳಿಯಲು ನಾಯಿ ಬೇಕೇ ಬೇಕು. ಹೆಣ್ಣುನಾಯಿಯು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಒಂದು ಸೂಲಿಗೆ ನಾಲ್ಕಾರು ಮರಿಗಳು. ಗಂಡುಮರಿಯನ್ನು ಕೇಳಿ ಒಯ್ಯುವವರುಂಟು, ಹೆಣ್ಣುಮರಿಯನ್ನು ಕೇಳುವವರು ವಿರಳ. ಆಗ ಗೋಣಿಚೀಲವೊಂದು ಪೇಟೆಯ ಅಂಚಿಗೋ, ಘಟ್ಟದ ತಿರುವಿಗೋ, ಯಾತ್ರಿಕರು ಉಂಡು ಹೋಗುವ ಸ್ಥಳದ ಸಮೀಪಕ್ಕೋ ಪ್ರಯಾಣ ಮಾಡುತ್ತದೆ. ಮುಂದಿನದನ್ನು ಹಸಿವು, ಮಳೆ, ವಾಹನ, ಚಿರತೆ ಇವು ಮಾಡಿ ಮುಗಿಸುತ್ತವೆ. ಬಿಟ್ಟುಬಂದವನ ಕೈಯಲ್ಲಿ ರಕ್ತ ಕಾಣದು. ಆದರೆ ಫಲವನ್ನು ತಿಳಿದೇ ಮಾಡಿದ ಈ ಕೆಲಸವು ಸಂಕಲ್ಪೀ ಹಿಂಸೆಯಿಂದ ಬಹಳ ದೂರವಿಲ್ಲ.

ಈ ಇಕ್ಕಟ್ಟು ಹೊಸದಲ್ಲ. 1832ರಲ್ಲಿ ಮುಂಬಯಿಯ ಬೀದಿನಾಯಿಗಳನ್ನು ಕೊಲ್ಲಿಸಲು ಆಂಗ್ಲ ಆಡಳಿತ ಹೊರಟಾಗ ಪಾರ್ಸಿಗಳು ತಿರುಗಿಬಿದ್ದರು. ಜೈನ ಮತ್ತು ಹಿಂದೂ ವರ್ತಕರೂ ಅವರ ಜೊತೆ ನಿಂತರು. ಎರಡು ವರ್ಷಗಳ ತರುವಾಯ, 1834ರಲ್ಲಿ, ಜಂಷೆಟ್ಜಿ ಜೀಜೀಭಾಯ್ ಅವರ ಮುಂದಾಳತ್ವದಲ್ಲಿ ಮುಂಬಯಿಯ ಪಾಂಜರಪೋಳ ಸ್ಥಾಪನೆಯಾಯಿತು. 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು 60 ನಾಯಿಗಳನ್ನು ಕೊಲ್ಲಿಸಿದಾಗ ಎದ್ದ ವಿವಾದದಲ್ಲಿ ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ಸರಣಿಯಾಗಿ ಬರೆದರು. ನಾಯಿಗೆ ಯಜಮಾನನಿರಬೇಕು, ಬೀದಿಯಲ್ಲಿ ತುತ್ತೆಸೆದು ಹೊಣೆ ಹೊರದೆ ಹೋಗುವುದು ದಯೆಯಲ್ಲ ಎಂಬುದು ಅವರ ನಿಲುವಾಗಿತ್ತು. ಕೊಲ್ಲುವುದನ್ನು ಅವರು ಅನಿವಾರ್ಯವೆಂದು ಒಪ್ಪಿದ್ದನ್ನು ಅನೇಕ ಜೈನರು ಸಹಿಸಲಿಲ್ಲ. ಕೊಲ್ಲುವುದು ಅಥವಾ ಕೂಡಿಹಾಕುವುದು ಎಂಬ ಆ ಎರಡು ದಾರಿಗಳ ನಡುವೆ ಮೂರನೆಯದನ್ನು ಶಸ್ತ್ರಚಿಕಿತ್ಸೆ ತೆರೆಯಿತು. ಭಾರತ ಸರ್ಕಾರವು 2001ರಲ್ಲಿ ಇದಕ್ಕಾಗಿಯೇ ನಿಯಮಗಳನ್ನು ಮಾಡಿತು. ಅವುಗಳ ಸ್ಥಾನದಲ್ಲಿ 2023ರ ನಿಯಮಗಳು ಬಂದಿವೆ.

ಮೂರನೆಯ ದಾರಿ ಲೇಸಾದುದು. ಆದರೆ ಅದು ನಿರ್ದೋಷವೆಂದು ಹೇಳಿಕೊಳ್ಳುವುದು ಸರಿಯಲ್ಲ. ‘ಸಂತಾನಹರಣ’ ಎಂಬ ಪದವೇ ಏನನ್ನೂ ಮುಚ್ಚಿಡದೆ ‘ಹರಣ’ ಎಂದು ಹೇಳುತ್ತದೆ. ಪಂಚೇಂದ್ರಿಯವೂ ಮನಸ್ಸೂ ಉಳ್ಳ ಜೀವವೊಂದರಿಂದ ಅದು ಕೊಡದೆ ಇದ್ದುದನ್ನು ತೆಗೆದುಕೊಳ್ಳಲಾಗಿದೆ.

ಇಲ್ಲಿ ಪೂಜ್ಯಪಾದಾಚಾರ್ಯರ ಒಂದು ದೃಷ್ಟಾಂತವನ್ನು ವಿದ್ವಾಂಸರು ಮುಂದಿಡುವುದುಂಟು. ಮುನಿಗಳ ಮೈಮೇಲಿನ ಹುಣ್ಣನ್ನು ಕರುಣೆಯಿಂದ ಕೊಯ್ಯುವ ವೈದ್ಯನು ನೋವುಂಟುಮಾಡಿದರೂ ಪಾಪಕ್ಕೆ ಭಾಗಿಯಲ್ಲ, ಏಕೆಂದರೆ ಅವನಲ್ಲಿ ಕ್ರೋಧಾದಿ ಭಾವವಿಲ್ಲ ಎಂಬುದು ‘ಸರ್ವಾರ್ಥಸಿದ್ಧಿ’ಯ ಆಶಯ. ದೃಷ್ಟಾಂತವು ಅರ್ಧದಷ್ಟು ಹೊಂದುತ್ತದೆ. ಉಳಿದರ್ಧ ಹೊಂದುವುದಿಲ್ಲ. ಆ ಮುನಿಗಳಿಗೆ ಹುಣ್ಣಿತ್ತು. ಈ ನಾಯಿಗೆ ರೋಗವಿಲ್ಲ. ಹೆಣ್ಣುನಾಯಿಗೆ ಈ ಚಿಕಿತ್ಸೆಯಿಂದ ಲಾಭವೂ ಇದೆಯೆಂಬುದು ನಿಜ. ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗ ತಪ್ಪುತ್ತದೆ. ಎಳೆಯ ವಯಸ್ಸಿನಲ್ಲಿ ಮಾಡಿಸಿದರೆ ಮೊಲೆಯ ಗಂತಿಯ ಅಪಾಯ ಬಹಳ ಕಡಿಮೆಯಾಗುತ್ತದೆ. ಆದರೂ ಹೆಚ್ಚಿನ ಮನೆಗಳವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಮರಿಗಳ ಕಾಟ ತಪ್ಪಲೆಂದೇ ಹೊರತು ನಾಯಿಯ ಗರ್ಭಕೋಶದ ಚಿಂತೆಯಿಂದಲ್ಲ. ಆದುದರಿಂದ ವೈದ್ಯನ ಪುಣ್ಯದಲ್ಲಿ ಯಜಮಾನನು ಪಾಲು ಕೇಳುವಂತಿಲ್ಲ.

ಕತ್ತರಿಸಿದವರು ವೈದ್ಯರು, ಯಜಮಾನನಲ್ಲ ಎನ್ನುವ ಸಮಾಧಾನವೂ ನಿಲ್ಲುವುದಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಧರ್ಮವು ಎಣಿಸುತ್ತದೆ. ಹುಂಡಿಗೆ ಸಹಿ ಹಾಕಿದ ವರ್ತಕನು ಬರೆದವನು ಗುಮಾಸ್ತನೆಂದು ಹೇಳಿ ಪಾರಾಗಲಾರ. ಛೇದವು ಕಾರಿತ, ಅದರ ಹೊಣೆ ಮಾಡಿಸಿದವನದು. ಆದರೆ ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಮೊದಲಿಗೆ ಇಟ್ಟಿರುವುದು ಪ್ರಮಾದವನ್ನು. ಎಚ್ಚರಗೇಡಿತನದಿಂದ ಪ್ರಾಣಕ್ಕೆ ಬರುವ ಘಾತವೇ ಹಿಂಸೆ. ಹಾಗಾದರೆ ಈ ಚಿಕಿತ್ಸೆಯಲ್ಲಿ ಯಜಮಾನನ ಪ್ರಮಾದ ಅಥವಾ ಅಪ್ರಮಾದ ನಿರ್ಣಯವಾಗುವುದು ಎಲ್ಲಿ? ಆಸ್ಪತ್ರೆಯ ಮೇಜಿನ ಮೇಲಲ್ಲ. ಅಲ್ಲಿ ಅವನಿಗೆ ಮಾಡಲು ಏನೂ ಇರುವುದಿಲ್ಲ. ನಾಯಿಯನ್ನು ಮನೆಗೆ ತಂದ ಮೇಲೆ ಹೊಲಿಗೆ ಮಾಯುವ ತನಕದ ಹತ್ತು ಹದಿನಾಲ್ಕು ದಿನಗಳಲ್ಲಿ ಅದು ನಿರ್ಣಯವಾಗುತ್ತದೆ. ಆ ದಿನಗಳ ಆರೈಕೆಯು ಮೇಲೆ ಸೇರಿಸಿದ ಪುಣ್ಯಕಾರ್ಯವಲ್ಲ. ಛೇದವು ಅತಿಚಾರವಾಗದಂತೆ ತಡೆಯುವ ಷರತ್ತು.

ಅನ್ನಪಾನನಿರೋಧದಿಂದಲೇ ಆರಂಭಿಸಬಹುದು. ಚಿಕಿತ್ಸೆಗೆ ಮುನ್ನ ಹೊಟ್ಟೆ ಖಾಲಿಯಿರಬೇಕೆನ್ನುವುದಕ್ಕೆ ಕಾರಣವಿದೆ. ಅರಿವಳಿಕೆಯಲ್ಲಿ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿದು ಪ್ರಾಣಾಪಾಯವಾಗಬಹುದು. ಎಷ್ಟು ಗಂಟೆ ಎಂಬುದನ್ನು ವೈದ್ಯರು ಹೇಳುತ್ತಾರೆ. ಅದಕ್ಕಿಂತ ಹೆಚ್ಚು ತಡೆಯುವುದು ಬೇಡ. ಉಪವಾಸವು ವ್ರತವಾಗುವುದು ಸ್ವಇಚ್ಛೆಯಿಂದ ಮಾತ್ರ. ಮೂಕಪ್ರಾಣಿಗೆ ಅದು ಬರಿಯ ಹಸಿವು. ಮನೆಗೆ ಬಂದ ಮೇಲೆ ನಾಯಿಯು ತಲೆ ಎತ್ತಿ ನೆಟ್ಟಗೆ ಕುಳಿತ ನಂತರ ಸ್ವಲ್ಪ ಸ್ವಲ್ಪವಾಗಿ ನೀರು, ಅದು ವಾಂತಿಯಾಗದೆ ನಿಂತರೆ ಎಂದಿನ ಊಟದ ಕಾಲುಭಾಗವೋ ಅರ್ಧವೋ ಮೆತ್ತಗಿನ ಅನ್ನ ಕೊಡಬಹುದು. ಈರುಳ್ಳಿ ಬೆಳ್ಳುಳ್ಳಿಯನ್ನು ಜೈನ ಅಡಿಗೆಮನೆ ವರ್ಜಿಸಿದೆ. ಅವು ನಾಯಿಯ ರಕ್ತಕ್ಕೂ ಕೇಡು. ಆದರೆ ಪಾಯಸದ ಒಣದ್ರಾಕ್ಷಿಯೂ ನಾಯಿಗೆ ವಿಷವೆಂಬುದು ಅನೇಕರಿಗೆ ತಿಳಿಯದು.

ಎರಡನೆಯದು ಬಂಧ. ಅರಿವಳಿಕೆ ಇಳಿಯುವಾಗ ನಾಯಿಯ ಮೈ ತಣ್ಣಗಾಗುತ್ತದೆ, ನಡುಗುತ್ತದೆ, ಕಾಲು ತಡವರಿಸುತ್ತದೆ. ಮೊದಲ ರಾತ್ರಿ ಅದನ್ನು ಮನೆಯೊಳಗೆ, ಮೆಟ್ಟಿಲಿಲ್ಲದ ಬೆಚ್ಚನೆಯ ಮೂಲೆಯಲ್ಲಿ, ಒಣ ಗೋಣಿ ಅಥವಾ ಹಳೆಯ ಕಂಬಳಿಯ ಮೇಲೆ ಮಲಗಿಸಬೇಕು. ಎಂದಿನಂತೆ ಕೊಟ್ಟಿಗೆಯ ಕಂಬಕ್ಕೆ ಬಿಗಿದು ಬಿಟ್ಟರೆ ಸರಪಳಿ ಸಿಕ್ಕಿಕೊಂಡೀತು. ಓಡಲಾರದ ನಾಯಿ ಚಿರತೆಗೆ ತಾನಾಗಿ ಇಟ್ಟ ಎಡೆಯಾದೀತು. ನಂತರದ ದಿನಗಳಲ್ಲಿ ಓಡಾಟ, ನೆಗೆತ, ಇತರ ನಾಯಿಗಳೊಡನೆ ಆಟ ಕೂಡದು. ಮಲಮೂತ್ರಕ್ಕೆ ಹಗ್ಗ ಹಿಡಿದು ನಡೆಸಿಕೊಂಡು ಹೋಗಬೇಕು. ಹೆಣ್ಣುನಾಯಿಯ ಹೊಟ್ಟೆಯನ್ನು ಪದರಪದರವಾಗಿ ತೆರೆದು ಹೊಲಿದಿರುತ್ತಾರೆ. ಹೊರಚರ್ಮ ಕೂಡಿಕೊಂಡಂತೆ ಕಂಡರೂ ಒಳಪದರ ಇನ್ನೂ ಮಾಯುತ್ತಿರುತ್ತದೆ. ಮೂರನೆಯ ದಿನ ನಾಯಿ ಚುರುಕಾಯಿತೆಂದು ಮಂಗನ ಹಿಂದೆ ಬಿಟ್ಟರೆ ಆ ಹೊಲಿಗೆ ಬಿಚ್ಚಿ ಕರುಳು ಹೊರಬರುವ ಭಯವಿದೆ. ಕಾಯಲು ಕಟ್ಟಿದರೆ ರಕ್ಷಣೆ, ಮರೆತು ಕಟ್ಟಿದರೆ ಅತಿಚಾರ. ಹಗ್ಗ ಎರಡರಲ್ಲಿಯೂ ಒಂದೇ.

ಮೂರನೆಯದು ಛೇದದ ಗುರುತಾದ ಗಾಯ. ಬೆಳಿಗ್ಗೆ ಸಂಜೆ ಎರಡು ಹೊತ್ತು ಅದನ್ನು ಬೆಳಕಿನಲ್ಲಿ ನೋಡಬೇಕು. ಮೊದಲ ಕೆಲವು ದಿನ ತುಸು ಕೆಂಪು, ತುಸು ಊತ ಸಹಜ. ರಕ್ತ ತೊಟ್ಟಿಕ್ಕುವುದು, ಕೀವು, ದುರ್ವಾಸನೆ, ಹೊಲಿಗೆ ಬಿರಿಯುವುದು ಸಹಜವಲ್ಲ. ನಾಯಿ ನೆಕ್ಕಿದರೆ ಗಾಯ ಮಾಯುತ್ತದೆಂಬ ನಂಬಿಕೆ ತಪ್ಪು. ನಾಲಿಗೆಯಿಂದ ರೋಗಾಣು ಸೇರುತ್ತದೆ, ಹಲ್ಲಿನಿಂದ ಹೊಲಿಗೆ ಕಿತ್ತುಬರುತ್ತದೆ. ಆಲಿಕೆಯಾಕಾರದ ಕೊರಳಪಟ್ಟಿಯನ್ನು ವೈದ್ಯರು ಹಾಕಿಸುವುದು ಅದಕ್ಕಾಗಿ. ನಾಯಿ ಪರದಾಡುತ್ತದೆಂದು ಮರುಕಗೊಂಡು ಅದನ್ನು ತೆಗೆಯುವವರ ದಯೆ ನಾಯಿಗೇ ಮುಳುವಾಗುತ್ತದೆ. ಗಾಯಕ್ಕೆ ಬೂದಿ, ಅರಿಶಿನ, ಸುಣ್ಣ, ಸೀಮೆಎಣ್ಣೆ ಯಾವುದೂ ಬೇಡ. ಹೊಲಿಗೆ ತೆಗೆಯುವವರೆಗೆ ಸ್ನಾನ ಬೇಡ. ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಲೇಬಾರದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ರಕ್ತಸ್ರಾವ ಉಂಟುಮಾಡಬಲ್ಲದು, ಪ್ಯಾರಸಿಟಮಾಲ್ ಯಕೃತ್ತನ್ನು ಕೆಡಿಸಬಲ್ಲದು. ವಸಡು ಬಿಳಿಚಿಕೊಂಡರೆ, ಹೊಟ್ಟೆ ಉಬ್ಬಿದರೆ, ನಾಯಿ ಏಳಲಾರದೆ ಬಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಬೆಳಗಾಗಲೆಂದು ಕಾಯದೆ ವೈದ್ಯರ ಬಳಿಗೆ ಒಯ್ಯಬೇಕು. ಗಂಡುನಾಯಿಯ ಚಿಕಿತ್ಸೆ ಹಗುರವಾದರೂ ಆರೈಕೆಯ ನಿಯಮ ಒಂದೇ. ಮೇಲಾಗಿ ಚಿಕಿತ್ಸೆಯ ನಂತರವೂ ಕೆಲವು ವಾರ ಅದರಿಂದ ಗರ್ಭ ನಿಲ್ಲುವ ಸಾಧ್ಯತೆಯಿರುವುದರಿಂದ ಬೆದೆಯ ಹೆಣ್ಣುನಾಯಿಯಿಂದ ದೂರವಿಡಬೇಕು.

ಮಲೆನಾಡಿನಲ್ಲಿ ಕಾಲದ ಆಯ್ಕೆಯೂ ಅಪ್ರಮಾದದ ಒಂದು ಅಂಗ. ಆಷಾಢದ ಜಡಿಮಳೆಯಲ್ಲಿ ನೆಲ ಒಣಗುವುದಿಲ್ಲ. ಒದ್ದೆ ಗಾಯಕ್ಕೆ ನೊಣ ಕೂತು ಹುಳು ಬೀಳುತ್ತದೆ, ಇಂಬಳ ಹತ್ತುತ್ತದೆ. ಅಡಕೆಗೆ ಮೈಲುತುತ್ತದ ಔಷಧಿ ಹೊಡೆಯುವ ದಿನಗಳಲ್ಲಿ ತೋಟದ ನೆಲವೆಲ್ಲ ಅದರ ಹನಿ. ಕೊಯ್ಲಿನ ಭರದಲ್ಲಿ ನಾಯಿಯನ್ನು ನೋಡಲು ಮನೆಯಲ್ಲಿ ಜನವಿರುವುದಿಲ್ಲ. ಮದುವೆ, ಯಾತ್ರೆ, ಪಂಚಕಲ್ಯಾಣದ ಪ್ರಯಾಣ ಎದುರಿಗಿದ್ದಾಗ ಚಿಕಿತ್ಸೆ ಮಾಡಿಸಿ ಕೆಲಸದಾಳಿಗೆ ಒಪ್ಪಿಸಿ ಹೊರಡುವುದು ಪ್ರಮಾದವೇ. ಛೇದವನ್ನು ಕಾರಿತವಾಗಿ ಮಾಡಿಸಿದವನು ಆರೈಕೆಯನ್ನೂ ಕಾರಿತವಾಗಿಸಿದರೆ ಅವನ ಕೈಗೆ ಉಳಿಯುವುದಾದರೂ ಏನು? ಮುನಿಗಳಿಗೂ ರೋಗಿಗಳಿಗೂ ಸಲ್ಲುವ ಸೇವೆಯನ್ನು ವೈಯಾವೃತ್ಯವೆಂದು ಕರೆದು ಅಂತರಂಗ ತಪಸ್ಸಿನಲ್ಲಿ ಸೇರಿಸಿದ ಧರ್ಮವಿದು. ಅದರ ಗುಣವು ತನ್ನ ಕೈಯಿಂದ ಮಾಡುವುದರಲ್ಲಿದೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇದರಲ್ಲಿ ಪಾತ್ರವಿದೆ. ಬಸದಿಯ ಆಸುಪಾಸಿನ ಯಜಮಾನನಿಲ್ಲದ ನಾಯಿಗಳಿಗೆ ಚಿಕಿತ್ಸೆಯ ಜೊತೆಗೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿ, ಹಿಡಿದ ಸ್ಥಳದಲ್ಲಿಯೇ ಮರಳಿ ಬಿಡುವುದು 2023ರ ನಿಯಮಗಳ ಸಾಮಾನ್ಯ ಕ್ರಮ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂತಹ ಆವರಣಗಳ ವಿಷಯದಲ್ಲಿ ಮಾತ್ರ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರಿನಲ್ಲಿ ಬೇರೆ ಆದೇಶವಿತ್ತಿದೆ. ಚಿಕಿತ್ಸೆಯ ವೆಚ್ಚಕ್ಕೆ ದಾನಿಗಳು ಸಿಗುತ್ತಾರೆ, ಅವರ ಹೆಸರೂ ಫಲಕದ ಮೇಲೆ ಬರುತ್ತದೆ. ಗಾಯ ಮಾಯುವ ತನಕ ಇರಿಸಿಕೊಳ್ಳಲು ಒಂದು ಒಣ ಕೋಣೆ, ಎರಡು ಹೊತ್ತು ನೋಡಿಕೊಳ್ಳಲು ಒಬ್ಬ ಮನುಷ್ಯ ಸಿಗುವುದೇ ಕಷ್ಟ. ಔಷಧದಾನ, ಅಭಯದಾನಗಳು ಕೂಡಿ ಫಲಿಸುವುದು ಆ ಕೋಣೆಯಲ್ಲಿ. ಸಿಂಹನಗದ್ದೆಯ ಜ್ವಾಲಾಮಾಲಿನೀ ಅಮ್ಮನವರ ಸನ್ನಿಧಿಗೂ ಶೃಂಗೇರಿಯ ಪಾರ್ಶ್ವನಾಥ ಬಸದಿಗೂ ನಡೆದುಕೊಳ್ಳುವ ಮನೆತನಗಳು ನಾಲ್ಕಾರು ಕೂಡಿದರೆ ಅಂತಹ ಕೋಣೆಯೊಂದು ದೊಡ್ಡ ಭಾರವಾಗಲಾರದು.

ಕನ್ನಡದಲ್ಲಿ ಭಾಸ್ಕರ ಕವಿಯು 1424ರಲ್ಲಿ ಬರೆದ ‘ಜೀವಂಧರ ಚರಿತೆ’ಯ ಕಥೆಯನ್ನು ಅನೇಕ ಮನೆಗಳ ಹಿರಿಯರು ಬಲ್ಲರು. ಜನರ ಏಟಿಗೆ ಸಿಕ್ಕಿ ಸಾಯುತ್ತಿದ್ದ ನಾಯಿಯನ್ನು ಜೀವಂಧರನು ಉಳಿಸಲಾರದೆ ಹೋದನು. ಆದರೂ ಬಿಟ್ಟು ಹೋಗಲಿಲ್ಲ. ಪಕ್ಕದಲ್ಲಿ ಕುಳಿತು ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದನು. ಆ ಜೀವವು ಯಕ್ಷನಾಗಿ ಹುಟ್ಟಿತು. ಹೊಡೆದವನು ಜೀವಂಧರನಲ್ಲ, ಆದರೂ ಅವನು ಕುಳಿತನು. ಕತ್ತರಿಸಲು ಹೇಳಿದ ಯಜಮಾನನು ಅಷ್ಟು ಹೊತ್ತು ಕೂಡ ಕುಳಿತುಕೊಳ್ಳದೆ ಇರಬಹುದೇ? ಅವನ ಎದುರಿಗಿರುವ ನಾಯಿ ಸಾಯುತ್ತಿಲ್ಲ, ಬದುಕುತ್ತಿದೆ. ಹತ್ತು ಹದಿನಾಲ್ಕು ದಿನ ಎಚ್ಚರದಿಂದಿದ್ದರೆ ಸಾಕು, ಹೊಲಿಗೆ ತೆಗೆಸಿಕೊಂಡು ಅದು ಮತ್ತೆ ತನ್ನ ಜಗಲಿಯ ಮೇಲೆ ಬಂದು ಮಲಗುತ್ತದೆ.