ಬಡವರು ಆಚೆ ಬದಿಯವರು

ಕಳೆದ ವರ್ಷ ಸಂಶೋಧನೆಯ ಕೆಲಸಕ್ಕೆಂದು ಬೆಂಗಳೂರಿನ ಮಾಗಡಿ ರಸ್ತೆಯ ಹಿಂಬದಿಯ ವಠಾರವೊಂದಕ್ಕೆ ಹೋಗಿಬರುತ್ತಿದ್ದೆ. ಎಂಟು ಮನೆ, ಎರಡು ಪಾಯಿಖಾನೆ, ಒಂದು ನಲ್ಲಿ. ‘ನಿಮ್ಮ ಬೀದಿಯಲ್ಲಿ ಬಡವರು ಯಾರು?’ ಎಂಬುದು ನನ್ನ ಪ್ರಶ್ನಾವಳಿಯ ಕೊನೆಯ ಪ್ರಶ್ನೆ. ಮೊದಲ ಮನೆಯ ಅಕ್ಕ ಅಕ್ಕಿ ಆರಿಸುತ್ತಲೇ, “ನಮ್ಮಲ್ಲಿ ಯಾರಿದಾರಪ್ಪ? ಅಗೋ, ಆ ಶೆಡ್ಡಿನೋರು, ಪಾಪ” ಎಂದರು.

ಎದುರಿನ ಕಟ್ಟಡದ ಕೆಲಸಕ್ಕೆ ಬಂದು ನೀಲಿ ಟಾರ್ಪಾಲಿನಡಿ ಇದ್ದ ಯಾದಗಿರಿ ಕಡೆಯವರನ್ನೂ ಕೇಳಿದೆ. “ಊರಾಗ ಮನಿ ಐತ್ರಿ, ಎರಡೆಕರೆ ಹೊಲ ಐತಿ. ಬಡವರು ಅಂದ್ರ ಯಾರೂ ಇಲ್ಲದವ್ರು” ಎಂಬ ಉತ್ತರ ಬಂತು.

ಸರ್ಕಾರದ ಲೆಕ್ಕವೇ ಬೇರೆ. ತೆಂಡೂಲ್ಕರ್ ವಿಧಾನದಂತೆ 2011–12ರಲ್ಲಿ ನಗರದ ಬಡತನದ ಗೆರೆ ತಲೆಗೆ ತಿಂಗಳಿಗೆ 1,000 ರೂಪಾಯಿ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಬಹುಆಯಾಮ ಸೂಚ್ಯಂಕ ಹಣವನ್ನು ಬಿಟ್ಟು ಉರುವಲು, ನೀರು, ಶಾಲೆ ಮುಂತಾದ 12 ಸೂಚಕಗಳನ್ನು ನೋಡುತ್ತದೆ. ಅದರಲ್ಲಿ ಬೇರೆ ಮನೆಯವರೊಂದಿಗೆ ಹಂಚಿಕೊಂಡ ಪಾಯಿಖಾನೆಯೂ ಒಂದು ಕೊರತೆ. ವಠಾರದವರು ಎಣಿಸುವುದು ಇನ್ನೊಂದನ್ನು: ನಡುರಾತ್ರಿ ಮಗುವಿಗೆ ಜ್ವರ ಬಂದರೆ ತಟ್ಟಲು ಎಷ್ಟು ಬಾಗಿಲುಗಳಿವೆ?

ಇದನ್ನು ಕೇಳಿ ನಾನು ಸ್ವಲ್ಪ ಹೆಚ್ಚೇ ಕರಗಿದ್ದೆ. ಆಮೇಲೆ ಗೊತ್ತಾಯಿತು, ಶೆಡ್ಡಿನ ಹೆಂಗಸರು ಕೊಡ ಹಿಡಿದು ಬಂದರೆ ಅದೇ ವಠಾರದ ಗೇಟಿಗೆ ಬೀಗ ಬೀಳುತ್ತದೆ. ‘ನಮ್ಮಲ್ಲಿ ಬಡವರಿಲ್ಲ’ ಎಂಬ ಮಾತಿನಲ್ಲಿ ಮಾನವೂ ಇತ್ತು, ಬೀಗವೂ ಇತ್ತು.

ಲಿನನ್ ಅಂಗಿಯಿಲ್ಲದೆ ನಾಲ್ಕು ಜನರೆದುರು ಬರಲು ಕೂಲಿಯವನೂ ನಾಚುತ್ತಾನೆ ಎಂದು ಆಡಂ ಸ್ಮಿತ್ 1776ರಲ್ಲೇ ಬರೆದಿದ್ದ; ಅಮರ್ತ್ಯ ಸೇನ್ ಬಡತನವನ್ನು ವಿವರಿಸುವಾಗ ಆ ಅಂಗಿಯನ್ನು ಮತ್ತೆ ಎತ್ತಿಕೊಂಡರು. ನನಗೆ ಆ ನಾಚಿಕೆ ಪುಸ್ತಕದಿಂದ ತಿಳಿದದ್ದಲ್ಲ. ಅಪ್ಪ ತೀರಿಕೊಂಡ ವರ್ಷ ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕಿತ್ತು. ಪಕ್ಕದ ಮನೆಯವರಿಗೆ ಮದುವೆಗೆ ಹೊರಟಿದ್ದೇವೆಂದು ಹೇಳಿ, ರೇಷ್ಮೆ ಸೀರೆ ಉಟ್ಟು, ಅಮ್ಮ ನನ್ನನ್ನು ನಾಡಕಚೇರಿಗೆ ಕರೆದೊಯ್ದಳು. ಆ ಕಾಗದವಿಲ್ಲದಿದ್ದರೆ ನಾನು ಇಂದು ಈ ಪ್ರಶ್ನಾವಳಿ ಹಿಡಿದು ಯಾರ ಮನೆಯ ಮುಂದೂ ನಿಲ್ಲುತ್ತಿರಲಿಲ್ಲ.

ಹಾಗಾದರೆ ಅಕ್ಕನನ್ನು ಬಡವರೆಂದು ಬರೆಯಲೇ? ಬರೆದರೆ ಅವರ ಮಾತನ್ನೇ ಅಳಿಸಿದಂತೆ. ಬರೆಯದಿದ್ದರೆ ಎಂಟು ಮನೆಗೆ ಎರಡೇ ಪಾಯಿಖಾನೆ ಎಂಬುದು ಯಾವ ಕಡತಕ್ಕೂ ಸೇರುವುದಿಲ್ಲ. ಪೆನ್ನು ಹಿಡಿದು ಸುಮ್ಮನೆ ಕೂತಿದ್ದವನನ್ನು ನೋಡಿ ಅವರೇ ಕೇಳಿದರು:

“ಏನ್ ಬರ್ಕೊತಿದ್ಯಪ್ಪ?”

“ಪಾಯಿಖಾನೆ ಎರಡೇ ಇದೆ ಅಂತ ಅಕ್ಕ.”

“ಅದನ್ನ ಬರ್ಕೋ. ಒಂದರ ಬಾಗಿಲು ಮುರಿದಿದೆ, ಅದನ್ನೂ ಬರ್ಕೋ.”