ಅನುಪಲಬ್ಧಿಯೂ ನೊಂದವರ ಲೆಕ್ಕವೂ

‘ನೆಲದ ಮೇಲೆ ಗಡಿಗೆಯಿಲ್ಲ’ ಎಂಬ ಜ್ಞಾನವು ಹೇಗೆ ಹುಟ್ಟುವುದು? ಭಾಟ್ಟಮೀಮಾಂಸಕರು ಇದಕ್ಕೆ ಅನುಪಲಬ್ಧಿಯೆಂಬ ಬೇರೊಂದು ಪ್ರಮಾಣವನ್ನೇ ಒಪ್ಪಿರುವರು. ಆದರೆ ಕಾಣದಿರುವುದೆಲ್ಲವೂ ಪ್ರಮಾಣವಲ್ಲ. ಇದ್ದಿದ್ದರೆ ಕಾಣುತ್ತಿತ್ತೆಂಬ ಯೋಗ್ಯತೆಯಿರಬೇಕು. ಕತ್ತಲ ಕೋಣೆಯ ಹೊಸ್ತಿಲಲ್ಲಿ ನಿಂತು ಗಡಿಗೆಯಿಲ್ಲವೆನ್ನುವವನ ಮಾತನ್ನು ಯಾರು ನಂಬುವರು? ಪಾಠಶಾಲೆಯಲ್ಲಿ ಇದು ನನಗೆ ಒಣತರ್ಕವಾಗಿ ತೋರಿತ್ತು. ಇಂಗ್ಲೆಂಡಿನ ವರದಿಯೊಂದರ ವಿಷಯವನ್ನು ಓದಿದ ಮೇಲೆ ಹಾಗೆ ತೋರುವುದಿಲ್ಲ.

ಹೆರಿಗೆಗಳಿಂದಲೂ ವಯಸ್ಸಿನಿಂದಲೂ ಕಿಬ್ಬೊಟ್ಟೆಯ ಅವಯವಗಳನ್ನು ಕೆಳಗಿನಿಂದ ಹೊರುವ ಸ್ನಾಯುಗಳು ಸಡಿಲಗೊಂಡು, ಸ್ತ್ರೀಯರಿಗೆ ಗರ್ಭಾಶಯ ಜಾರುವುದು, ಮೂತ್ರ ತಡೆಯಲಾಗದಿರುವುದು ಮುಂತಾದ ಬಾಧೆಗಳುಂಟಾಗುವುವು. ಇದಕ್ಕೆ ಆಸರೆಯಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲಿನ ಜಾಲರಿಯನ್ನು ದೇಹದೊಳಗಿರಿಸುವ ಪದ್ಧತಿಯು 1990ರ ದಶಕದ ಕೊನೆಯಿಂದ ಬಹಳವಾಗಿ ಹಬ್ಬಿತು. ಅನೇಕರು ಗುಣಹೊಂದಿದರೆಂಬುದು ನಿಜ. ಕೆಲವರಿಗಾದರೋ ಜಾಲರಿಯು ಒಳಗಿನ ಮಾಂಸವನ್ನು ಕೊರೆದು ಹೊರಬಂದಿತು. ಕುಳಿತರೂ ನಿಂತರೂ ಬಿಡದ ನೋವು. ಜಾಲರಿಯ ಕಣ್ಣುಗಳಲ್ಲಿ ಮಾಂಸವೇ ಬೆಳೆದು ಹೆಣೆದುಕೊಳ್ಳುವುದರಿಂದ ಅದನ್ನು ತೆಗೆಯುವುದು ಹಾಕಿದಷ್ಟು ಸುಲಭವಲ್ಲ. ಇಂಗ್ಲೆಂಡಿನಲ್ಲಿ 2018ರ ಜುಲೈಯಲ್ಲಿ ಈ ಚಿಕಿತ್ಸೆಯನ್ನು ತಡೆಹಿಡಿದರು. ಬ್ಯಾರನೆಸ್ ಜೂಲಿಯಾ ಕಂಬರ್ಲೆಜ್ ಅವರ ಅಧ್ಯಕ್ಷತೆಯ ಸಮಿತಿಯು 2020ರಲ್ಲಿ ವರದಿಯನ್ನೊಪ್ಪಿಸಿತು. ಬಾಧೆಪಟ್ಟವರು ಎಷ್ಟು ಮಂದಿ? ಯಾರಿಗೂ ಗೊತ್ತಿರಲಿಲ್ಲ. ಹಾಕಿಸಿಕೊಂಡವರೆಲ್ಲರ ಹೆಸರು ಒಂದೆಡೆ ಬರೆದಿರಲಿಲ್ಲ. ದೂರು ಬಾರದ್ದನ್ನೇ ನೋವಿಲ್ಲದ್ದೆಂದು ತಿಳಿದು ವರ್ಷಗಳು ಕಳೆದಿದ್ದುವು.

ಅವರನ್ನು ದೂಷಿಸುವ ಮುನ್ನ ನಾನೂ ಒಂದನ್ನು ಒಪ್ಪಿಕೊಳ್ಳಬೇಕು. ಪರೀಕ್ಷೆಗೆ ಕುಳಿತವರಲ್ಲಿ ಇಷ್ಟು ಮಂದಿ ಉತ್ತೀರ್ಣರೆಂದು ಪ್ರತಿ ವರ್ಷವೂ ಹೆಮ್ಮೆಯಿಂದ ಬರೆದು ಕಳುಹಿಸುತ್ತಿದ್ದೆನು. ನಡುವೆ ಶಾಲೆ ಬಿಟ್ಟ ಹುಡುಗರು ಆ ಲೆಕ್ಕದೊಳಗೆ ಬರುತ್ತಲೇ ಇರಲಿಲ್ಲ.

ದೀಪ ಹಚ್ಚುವ ಉಪಾಯವು ತಿಳಿಯದ್ದೇನೂ ಆಗಿರಲಿಲ್ಲ. ಸ್ವೀಡನ್ನಿನಲ್ಲಿ ಕೃತಕ ಮಂಡಿಗೆ 1975ರಿಂದಲೂ ಸೊಂಟದ ಕೀಲಿಗೆ 1979ರಿಂದಲೂ ದೇಶವ್ಯಾಪಿಯಾದ ದಾಖಲೆಯುಂಟು. ಆಸ್ಟ್ರೇಲಿಯಾದ ಅಂತಹುದೇ ದಾಖಲೆಯಿಂದ ‘ಎ.ಎಸ್.ಆರ್.’ ಎಂಬ ಸೊಂಟದ ಕೀಲಿಗೆ ಮರುಶಸ್ತ್ರಕ್ರಿಯೆಗಳು ಮಿತಿಮೀರಿದ್ದುದು ಹೊರಬಿದ್ದಿತು. 2010ರಲ್ಲಿ ಅದನ್ನು ಲೋಕದ ಮಾರುಕಟ್ಟೆಯಿಂದಲೇ ಹಿಂದೆಗೆದುಕೊಂಡರು.

ಆದರೆ ಕೀಲಿನ ಅಳತೆಗೋಲು ಇಲ್ಲಿಗೆ ಸಾಲದು. ಕೀಲು ಕೆಟ್ಟರೆ ರೋಗಿಯು ಮರಳಿ ಶಸ್ತ್ರವೈದ್ಯನ ಬಳಿಗೆ ಬರುವನು, ಲೆಕ್ಕಕ್ಕೆ ಸಿಕ್ಕುವನು. ಜಾಲರಿಯಿಂದ ನೊಂದವಳು ಮರುಶಸ್ತ್ರಕ್ರಿಯೆಗೆ ಅಂಜಿ ಮನೆಯಲ್ಲಿಯೇ ಉಳಿಯಬಹುದು. ಬಂದರೂ, ‘ವಯಸ್ಸಿನ ಸ್ವಭಾವ’ವೆಂಬ ಸಮಾಧಾನ ಕೇಳಿ ಹಿಂದಿರುಗಬಹುದು. ದಾಂಪತ್ಯಕ್ಕೆ ಸಂಬಂಧಿಸಿದ ನೋವನ್ನು ಆಕೆ ಯಾರಲ್ಲಿ ಹೇಳಿಕೊಂಡಾಳು? ಮರುಶಸ್ತ್ರಕ್ರಿಯೆಗಳನ್ನಷ್ಟೇ ಎಣಿಸುವ ಪುಸ್ತಕವು ದೀಪವನ್ನು ಹಚ್ಚಿ ಕಣ್ಣು ಮುಚ್ಚಿಕೊಂಡಂತೆಯೇ ಸರಿ. ಮೊನಾಶ್ ವಿಶ್ವವಿದ್ಯಾನಿಲಯವು ನಡೆಸುವ ಆಸ್ಟ್ರೇಲಿಯಾದ ದಾಖಲೆಯಲ್ಲಿ ಸ್ತ್ರೀಯರನ್ನೇ ವಿಚಾರಿಸಿ ಅವರ ಸ್ಥಿತಿಯನ್ನು ಬರೆದುಕೊಳ್ಳುವ ಏರ್ಪಾಡಿರುವುದು ನನಗೆ ಬಹಳ ಮೆಚ್ಚುಗೆಯಾಯಿತು.

ಇಲ್ಲಿ ಆಕ್ಷೇಪವೊಂದು ಏಳುತ್ತದೆ: ಮಗಳಿಗೂ ಹೇಳದ ಸಂಗತಿಯು ದಫ್ತರಕ್ಕೇರುವುದು ಯುಕ್ತವೆ? ಲಜ್ಜೆಯು ಆಕೆಯ ಸ್ವತ್ತು, ನಿಜ. ತನ್ನ ಹೆಸರು ಬೇಡವೆನ್ನುವ ಅಧಿಕಾರವು ಆಕೆಗಿರಲೇಬೇಕು. ಆದರೆ ನಾಳೆ ಅದೇ ಜಾಲರಿಗೆ ಮೈಯೊಡ್ಡುವವಳು, ‘ಹಿಂದಿನವರಿಗೆ ಏನಾಯಿತು?’ ಎಂದು ವೈದ್ಯನನ್ನು ಕೇಳಿದರೆ ಅವನು ಏನನ್ನು ಓದಿ ಹೇಳಬೇಕು? ಹೆಸರು ಕೊಟ್ಟೂ ವಿಚಾರಣೆಯ ಪತ್ರಕ್ಕೆ ಉತ್ತರ ಬರೆಯದವರು ಎಲ್ಲಿಯೂ ಇದ್ದೇ ಇರುವರು. ಅಂಥವರನ್ನು ‘ಸುಖವಾಗಿರುವವರು’ ಎಂಬ ಸಾಲಿಗೆ ಸೇರಿಸದೆ ಬೇರೆಯಾಗಿಯೇ ಎಣಿಸಬೇಕೆಂದು ನನ್ನ ಎಣಿಕೆ.