ಬಿಟ್ಟ ಬಾಣ, ಜೊತೆಗಾರನ ಹೊಣೆ

ಬಿಲ್ಲಿನಿಂದ ಬಿಟ್ಟ ಬಾಣವು ಮರಳಿ ಬತ್ತಳಿಕೆಗೆ ಬಾರದು. ಇದನ್ನು ಅರಿಯದವರಿಲ್ಲ, ಅರಿತಂತೆ ನಡೆಯುವವರು ವಿರಳ. ಹೆದೆಯನ್ನು ಸೆಳೆದು ಹಿಡಿದಿರುವ ತನಕ ಬಾಣವು ಮನುಷ್ಯನ ಅಧೀನ. ಬೆರಳು ಸಡಿಲಿದ ಮರುಕ್ಷಣವೇ ಮನುಷ್ಯನು ಅದರ ಫಲಕ್ಕೆ ಅಧೀನ. ಅನಾಹುತವಾದಾಗ ‘ತಿಳಿಯದೆ ಆಯಿತು’ ಎಂದು ಲೋಕವು ಸಮಾಧಾನ ಹೇಳುವುದುಂಟು. ಆದರೆ ತಿಳಿಯದೆ ಆದುದು ಬೇರೆ, ತಿಳಿಯಬೇಕಾದುದನ್ನು ತಿಳಿದುಕೊಳ್ಳದೆ ಮಾಡಿದುದು ಬೇರೆ. ಮೊದಲನೆಯದು ವಿಧಿ, ಎರಡನೆಯದು ದೋಷ. ಈ ಭೇದವನ್ನು ಬೇಟೆಯ ವೃತ್ತಾಂತಗಳು ನಿಷ್ಠುರವಾಗಿ ಬೋಧಿಸುತ್ತವೆ.

ಅಯೋಧ್ಯೆಯ ದಶರಥನು ಯೌವನದಲ್ಲಿ ಶಬ್ದವೇಧಿಯೆಂದು ಹೆಸರಾಗಿದ್ದನು. ಕಣ್ಣಿಗೆ ಕಾಣದ ಗುರಿಯನ್ನು ಕಿವಿಯಿಂದಲೇ ಅರಿತು ಹೊಡೆಯುವುದು ಅವನ ಹೆಮ್ಮೆ. ಮಳೆಗಾಲದ ಒಂದು ರಾತ್ರಿ ಸರಯೂ ನದಿಯ ದಡದಲ್ಲಿ ಗುಳುಗುಳು ಸದ್ದು ಕೇಳಿಸಿತು. ಆನೆಯ ಸದ್ದೆಂದು ಬಗೆದು ಬಾಣ ಬಿಟ್ಟನು. ಕೇಳಿಬಂದುದು ಆನೆಯ ಘೀಳಲ್ಲ, ಮನುಷ್ಯನ ಆರ್ತನಾದ. ಕುರುಡ ತಂದೆತಾಯಿಗಳಿಗಾಗಿ ಕೊಡದಲ್ಲಿ ನೀರು ತುಂಬುತ್ತಿದ್ದ ತರುಣ ತಪಸ್ವಿಯು ಅಲ್ಲಿ ಬಿದ್ದಿದ್ದನು. ಅವನನ್ನೇ ಜನರು ಶ್ರವಣಕುಮಾರನೆಂದು ಕರೆಯುತ್ತಾರೆ. ದಶರಥನ ವಿದ್ಯೆಯಲ್ಲಿ ಕೊರತೆಯಿರಲಿಲ್ಲ. ಬಾಣವು ಸದ್ದು ಬಂದಲ್ಲಿಗೇ ಹೋಯಿತು. ಕೊರತೆಯಿದ್ದುದು ವಿವೇಕದಲ್ಲಿ. ನದಿಗೆ ಆನೆಯೂ ಬರುತ್ತದೆ, ಮನುಷ್ಯನೂ ಬರುತ್ತಾನೆ ಎಂಬಷ್ಟನ್ನು ಅವನು ಯೋಚಿಸಲಿಲ್ಲ.

ಆದರೂ ಮುಂದೆ ಅವನು ಮಾಡಿದ ಒಂದು ಕಾರ್ಯ ಸ್ಮರಣೀಯವಾದುದು. ಆ ಕತ್ತಲಲ್ಲಿ ಓಡಿಹೋಗುವುದು ಸುಲಭವಾಗಿತ್ತು. ಅವನು ಓಡಲಿಲ್ಲ. ಅದೇ ಕೊಡದಲ್ಲಿ ನೀರು ತುಂಬಿಕೊಂಡು ಆ ವೃದ್ಧರ ಬಳಿಗೆ ಹೋಗಿ, ನಡೆದುದನ್ನು ತನ್ನ ಬಾಯಿಂದಲೇ ಹೇಳಿದನು. ತಾನಾಗಿ ಬಂದು ಒಪ್ಪಿಕೊಂಡುದರಿಂದಲೇ ಅವನ ತಲೆ ಉಳಿಯಿತೆಂದು ಆ ತಂದೆ ನುಡಿದುದಾಗಿ ವಾಲ್ಮೀಕಿ ರಾಮಾಯಣವು ತಿಳಿಸುತ್ತದೆ. ಪುತ್ರಶೋಕದ ಶಾಪ ಮಾತ್ರ ತಪ್ಪಲಿಲ್ಲ. ಒಪ್ಪಿಕೊಂಡವನಿಗೂ ಫಲವುಂಟು, ಆದರೆ ಒಪ್ಪಿಕೊಂಡವನು ಮನುಷ್ಯನಾಗಿ ಉಳಿಯುತ್ತಾನೆ.

ಇದು ಪುರಾಣದ ಮಾತಾಯಿತು. ಚರಿತ್ರೆಯ ಮಾತೂ ಬೇರೆಯಲ್ಲ. ಇಂಗ್ಲೆಂಡಿನ ದಕ್ಷಿಣಕ್ಕೆ ನ್ಯೂ ಫಾರೆಸ್ಟ್ ಎಂಬ ಅರಣ್ಯವಿದೆ. ಮೊದಲನೆಯ ವಿಲಿಯಂ ದೊರೆಯು ಅದನ್ನು ಅರಸರ ಬೇಟೆಗೆಂದು ಮೀಸಲಿಟ್ಟಿದ್ದನು. 1100ರ ಮೇ ತಿಂಗಳಲ್ಲಿ ಅವನ ಮೊಮ್ಮಗ ರಿಚರ್ಡನು ಅಲ್ಲಿಯೇ ಬೇಟೆಯಾಡುತ್ತಿರುವಾಗ, ಜೊತೆಯ ಸರದಾರನೊಬ್ಬನು ಜಿಂಕೆಗೆಂದು ಬಿಟ್ಟ ಬಾಣ ತಗುಲಿ ಸತ್ತನು. ಮೂರು ತಿಂಗಳು ತುಂಬುವುದರೊಳಗೆ, ಆಗಸ್ಟ್ 2ರಂದು, ಅದೇ ಅರಣ್ಯದಲ್ಲಿ ರಾಜನಾಗಿದ್ದ ಎರಡನೆಯ ವಿಲಿಯಮನೇ ಬಾಣ ತಗುಲಿ ಮಡಿದನು. ಹೊತ್ತು ಇಳಿಯುತ್ತಿತ್ತು, ತಾನು ಗಾಯಗೊಳಿಸಿದ ಜಿಂಕೆಯನ್ನು ರಾಜನು ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದನೆಂದೂ, ಆಗ ವಾಲ್ಟರ್ ಟೈರಲ್ ಎಂಬ ಜೊತೆಗಾರನು ಮತ್ತೊಂದು ಜಿಂಕೆಗೆ ಹೂಡಿದ ಬಾಣವು ರಾಜನ ಎದೆಗೆ ನಾಟಿತೆಂದೂ ಆ ಕಾಲಕ್ಕೆ ಸಮೀಪದ ಇತಿಹಾಸಕಾರರು ಬರೆದಿದ್ದಾರೆ. ಕೊಲೆಯೆಂದು ಶಂಕಿಸಿದವರೂ ಉಂಟು. ಒಂದೇ ಅರಣ್ಯ, ಒಂದೇ ವರ್ಷ, ಒಂದೇ ಬಗೆಯ ಸಾವು! ಎಲ್ಲರ ಕಣ್ಣೂ ಮಿಕದ ಮೇಲೆಯೇ ನೆಟ್ಟಾಗ ಜೊತೆಯವನನ್ನು ನೋಡುವ ಕಣ್ಣು ಯಾವುದು?

ಬಾಣ ಬಿಟ್ಟವರಿಬ್ಬರ ನಡತೆಯನ್ನೂ ಹೋಲಿಸಿ ನೋಡಬೇಕು. ರಿಚರ್ಡನಿಗೆ ಬಾಣ ತಗುಲಿಸಿದ ಸರದಾರನು ಲೋಕವನ್ನು ತೊರೆದು ಕ್ರೈಸ್ತ ಮಠವೊಂದರಲ್ಲಿ ಸಂನ್ಯಾಸಿಯಾದನೆಂದು ಹೇಳುತ್ತಾರೆ. ಟೈರಲನಾದರೋ ಸಮುದ್ರ ದಾಟಿ ಫ್ರಾನ್ಸಿಗೆ ಹೋದನು. ಆ ದಿನ ರಾಜನಿದ್ದ ಕಡೆಗೆ ತಾನು ಹೋಗಿಯೇ ಇರಲಿಲ್ಲವೆಂದು ಆಣೆಯಿಟ್ಟು ಹೇಳುತ್ತಿದ್ದನಂತೆ. ಉಳಿದ ಜೊತೆಗಾರರು ತಂತಮ್ಮ ಸ್ವತ್ತನ್ನು ನೋಡಿಕೊಳ್ಳಲು ಚದುರಿದರು. ದೊರೆಯ ದೇಹವನ್ನು ಹಳ್ಳಿಗರು ಗಾಡಿಯಲ್ಲಿ ಹಾಕಿ ವಿಂಚೆಸ್ಟರಿಗೆ ಸಾಗಿಸಿದರು. ಬೇಟೆಯ ಸಂಭ್ರಮಕ್ಕೆ ಜೊತೆಯಾದವರು ಸಾವಿನ ಹೊತ್ತಿಗೆ ಜೊತೆಯಾಗಲಿಲ್ಲ. ಶರಣರು ಸಂಗವನ್ನು ಪರೀಕ್ಷಿಸಿ ಮಾಡಬೇಕೆಂದು ಮತ್ತೆ ಮತ್ತೆ ಎಚ್ಚರಿಸಿದುದು ಏತಕ್ಕೆಂಬುದು ಇಲ್ಲಿ ಸ್ಪಷ್ಟವಾಗುವುದು.

ಅಮೆರಿಕ ಮೊದಲಾದ ದೇಶಗಳಲ್ಲಿ ಬಿಲ್ಲುಬೇಟೆಯು ಇಂದಿಗೂ ಕಾನೂನಿಗೆ ಒಳಪಟ್ಟು ನಡೆಯುತ್ತಿದೆ. ಅಲ್ಲಿನ ಬಾಣದ ಅಲಗು ಕ್ಷೌರದ ಕತ್ತಿಯಷ್ಟು ಹರಿತ. ಹೂಡದೆ ಕೈಯಲ್ಲಿ ಹಿಡಿದು ನಡೆಯುವಾಗ ಎಡವಿ ಅದರ ಮೇಲೆಯೇ ಬಿದ್ದು ಗಾಯಗೊಂಡವರುಂಟು. ಮರದ ಮೇಲಿನ ಅಟ್ಟಣೆಯಿಂದ ಜಾರಿ ಬೀಳುವವರು ಅನೇಕರು. ಜಿಂಕೆಯ ಕಣ್ಣಿಗೆ ಕಾಣಬಾರದೆಂದು ತೊಟ್ಟ ಎಲೆಬಣ್ಣದ ಉಡುಪು ಜೊತೆಗಾರನ ಕಣ್ಣಿನಿಂದಲೂ ಮರೆಮಾಡುವುದು. ಆದುದರಿಂದ ಅಲ್ಲಿ ಕಲಿಸುವ ನಿಯಮಗಳು ಸರಳವಾದವು: ಗುರಿಯನ್ನೂ ಗುರಿಯ ಹಿಂದೆ ಇರುವುದನ್ನೂ ಸ್ಪಷ್ಟವಾಗಿ ಕಾಣದೆ ಬಾಣ ಬಿಡಬಾರದು, ಅಲಗನ್ನು ಮುಚ್ಚಿ ಒಯ್ಯಬೇಕು, ಅಟ್ಟಣೆಯಲ್ಲಿ ಮೈಗೆ ಪಟ್ಟಿ ಬಿಗಿದುಕೊಳ್ಳಬೇಕು, ಬಿಲ್ಲನ್ನು ಹಿಡಿದು ಹತ್ತದೆ, ಹತ್ತಿದ ಮೇಲೆ ಹಗ್ಗದಿಂದ ಎಳೆದುಕೊಳ್ಳಬೇಕು, ತಾನು ಎಲ್ಲಿರುವೆನೆಂಬುದನ್ನು ಜೊತೆಯವರಿಗೆ ತಿಳಿಸಿರಬೇಕು. ಸಂದೇಹ ಬಂದರೆ ಎಳೆದ ಹೆದೆಯನ್ನು ಮೆಲ್ಲನೆ ಇಳಿಸಬೇಕು. ಹೆದೆಯನ್ನು ಇಳಿಸುವುದು ಸೋಲಲ್ಲ, ಅದು ಸಂಯಮ.

ಈ ಸಂಯಮಕ್ಕೆ ಆದರ್ಶನಾದವನೂ ಒಬ್ಬ ಬೇಡನೇ. ಪುರಾತನರಲ್ಲಿ ಪೂಜ್ಯನಾದ ಕಣ್ಣಪ್ಪನು ಕಾಳಹಸ್ತಿಯಲ್ಲಿ ಶಿವನಿಗೆ ಒಂದು ಕಣ್ಣನ್ನಿತ್ತನು. ಎರಡನೆಯದನ್ನೂ ಕೀಳಲು ಬಾಣವನ್ನೆತ್ತುವ ಮುನ್ನ, ಕುರುಡನಾದ ಮೇಲೆ ಗುರಿ ತಪ್ಪೀತೆಂದು, ಶಿವನ ಕಣ್ಣಿದ್ದ ಎಡೆಯಲ್ಲಿ ತನ್ನ ಪಾದವನ್ನಿಟ್ಟು ಗುರುತು ಮಾಡಿಕೊಂಡನು. ಭಕ್ತಿಯ ಪರವಶತೆಯಲ್ಲಿಯೂ ಅವನು ಎಚ್ಚರ ಮರೆಯಲಿಲ್ಲ. ದಶರಥನು ಕಾಣದೆಯೇ ಹೊಡೆದನು. ಕಣ್ಣಪ್ಪನು ಕಾಣದಾಗುವ ಮೊದಲೇ ನೋಡಿಕೊಂಡನು. ಕರಸ್ಥಲದ ಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸುವ ನಿತ್ಯಸಾಧನೆಯು ಕಲಿಸಬೇಕಾದುದು ಇಂಥ ಎಚ್ಚರವನ್ನೇ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಕಾಡುಮೃಗಗಳ ಬೇಟೆ ನಿಷಿದ್ಧ. ದಯೆಯನ್ನು ಧರ್ಮದ ಬುಡವೆಂದು ನಂಬಿದ ಶರಣಮಾರ್ಗಕ್ಕೆ ಅದು ಮೊದಲೇ ಹೊರತು. ಆದರೆ ಕಾಣದ ಗುರಿಗೆ ಬಾಣ ಬಿಡುವ ದೋಷವು ಊರಿನಿಂದ ಹೋಗಿಲ್ಲ. ಬೆಳೆಗೆ ನುಗ್ಗುವ ಹಂದಿಗೆಂದು ಹೊಲದ ತಂತಿಬೇಲಿಗೆ ಕಳ್ಳತನದಿಂದ ವಿದ್ಯುತ್ ಹಾಯಿಸುವವರಿದ್ದಾರೆ. ತಂತಿಗೆ ಕಣ್ಣಿಲ್ಲ. ರಾತ್ರಿ ನೀರು ಹಾಯಿಸಲು ಬಂದ ನೆರೆಯವನನ್ನೂ, ದನ ಹುಡುಕುತ್ತ ಬಂದ ಬಾಲಕನನ್ನೂ, ಕಟ್ಟಿದವನ ಸ್ವಂತ ಮಗನನ್ನೂ ಅದು ಹಂದಿಯೆಂದೇ ಬಗೆಯುವುದು. ಸರಯೂ ತೀರದ ಬಾಣಕ್ಕೂ ಈ ತಂತಿಗೂ ಏನು ವ್ಯತ್ಯಾಸ? ಬೆಳೆ ಉಳಿಸಿಕೊಳ್ಳುವ ಕಾಯಕವು ಪವಿತ್ರವಾದುದು ನಿಜ. ನೆರೆಯವನ ಪ್ರಾಣವನ್ನು ಪಣವಿಟ್ಟು ಮಾಡಿದುದು ಕಾಯಕವೆನಿಸದು. ಅಂಥ ತಂತಿಯನ್ನು ಕಂಡೂ ‘ನಮಗೇಕೆ’ ಎಂದು ಸುಮ್ಮನಿರುವ ನೆರೆಯವರೂ ಆ ಬೇಟೆಯ ಜೊತೆಗಾರರೇ ಸರಿ.

ಆದುದರಿಂದ ಗೃಹಸ್ಥನಾದ ಭಕ್ತನು ಯಾವ ಕಾರ್ಯಕ್ಕೆ ಕೈಯಿಟ್ಟರೂ ಗುರಿಯ ಆಚೆಗೆ ಯಾರಿದ್ದಾರೆಂದು ನೋಡತಕ್ಕದ್ದು. ತಪ್ಪಿದ ಜೊತೆಗಾರನನ್ನು ‘ನಿಲ್ಲು’ ಎಂದು ತಡೆಯತಕ್ಕದ್ದು. ತನ್ನಿಂದಲೇ ತಪ್ಪಾದರೆ ಸಮುದ್ರ ದಾಟದೆ, ಕೊಡ ಹೊತ್ತು ನೊಂದವರ ಬಾಗಿಲಿಗೆ ಹೋಗತಕ್ಕದ್ದು. ನೋಡುವ ಕಣ್ಣು, ತಡೆಯುವ ಮಾತು, ಒಪ್ಪುವ ಎದೆ ಈ ಮೂರೂ ಉಳ್ಳವನ ಸಂಗದಲ್ಲಿ ಯಾವ ಜೀವಕ್ಕೂ ಭಯವಿಲ್ಲ. ಅಂಥ ಸಂಗವು ಸಕಲ ಭಕ್ತರಿಗೂ ದೊರೆಯಲಿ.